ಬಯಾಪ್ಸಿ ತುಂಡು ಕೆಡದಂತೆ ನೋಡಿಕೊಳ್ಳಿ

ಮಾನ್ಯರೇ,

ರೋಗ ಪತ್ತೆಗೆಂದು ಗಂಟೋ ಗಡ್ಡೆಯೋ ತೆಗೆದ ಮೇಲೆ ಆ ತುಂಡನ್ನು, ಅಂದರೆ ಬಯಾಪ್ಸಿ ಮಾದರಿಯನ್ನು, ಕೈಗೆ ಸಿಕ್ಕ ಬಾಟಲಿಗೆ ಹಾಕಿ, ರೋಗಿಯ ಕಡೆಯವರಿಗೆ ಕೊಟ್ಟು, ಕೋಲಾರಕ್ಕೋ ಬೆಂಗಳೂರಿಗೋ ಬಸ್ಸಿನಲ್ಲಿ ಕಳುಹಿಸುವುದನ್ನು ಪೆಥಾಲಜಿ ಪ್ರಯೋಗಾಲಯದಲ್ಲಿ ದುಡಿದ ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ಬಾಟಲಿಗಳಲ್ಲಿ ಬರೀ ಸಲೈನ್ (ಉಪ್ಪುನೀರು) ಇರುತ್ತಿತ್ತು. ಇನ್ನು ಕೆಲವುಗಳಲ್ಲಿ ತುಂಡು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣ ಇದ್ದರೂ ತುಂಡು ಮುಳುಗುವಷ್ಟಿರುತ್ತಿರಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಕೂಲಿ ಬಿಟ್ಟು ಬಂದವರಿಗೆ ‘ಮಾದರಿ ಕೆಟ್ಟಿದೆ, ಇನ್ನೊಮ್ಮೆ ತೆಗೆಸಿಕೊಂಡು ಬನ್ನಿ’ ಎನ್ನಬೇಕಾದ ಸಂಕಟ ಯಾರಿಗೂ ಬೇಡ.

ದೇಹದಿಂದ ಬೇರ್ಪಟ್ಟ ಅಂಗಾಂಶವನ್ನು ಅದರೊಳಗಿನ ಕಿಣ್ವಗಳೇ ಕರಗಿಸತೊಡಗುತ್ತವೆ. ಸಲೈನ್ ಇದನ್ನು ತಡೆಯದು. ಫಾರ್ಮಲಿನ್ ಪ್ರೋಟೀನುಗಳ ನಡುವೆ ಕೊಂಡಿ ಹಾಕಿ ಜೀವಕೋಶಗಳನ್ನು ಇದ್ದ ರೂಪದಲ್ಲೇ ನಿಲ್ಲಿಸುತ್ತದೆ. 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲೂಮ್ ಕಂಡುಕೊಂಡ ಈ ಗುಣವನ್ನೇ ಇಂದಿಗೂ ಪ್ರಪಂಚದ ಪ್ರಯೋಗಾಲಯಗಳು ನೆಚ್ಚಿಕೊಂಡಿವೆ. ಬೇಕಾದದ್ದು ಶೇ 10ರ, ಫಾಸ್ಫೇಟ್ ಲವಣ ಬೆರೆಸಿ ಆಮ್ಲೀಯತೆ ಕಳೆದ ಫಾರ್ಮಲಿನ್. ಬರೀ ನೀರು ಬೆರೆಸಿ ಇಟ್ಟದ್ದು ದಿನ ಕಳೆದಂತೆ ಆಮ್ಲೀಯವಾಗಿ ಸ್ಲೈಡಿನಲ್ಲಿ ಕಂದುಗಪ್ಪು ಚುಕ್ಕೆಗಳನ್ನು ಮೂಡಿಸುತ್ತದೆ, ಡಿಎನ್‌ಎಯನ್ನೂ ಹಾಳುಮಾಡುತ್ತದೆ.

ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್ ಮಾತ್ರ. ಆದ್ದರಿಂದ ತುಂಡಿನ ಗಾತ್ರದ ಹತ್ತು ಪಟ್ಟಾದರೂ ದ್ರಾವಣ ಇರಬೇಕು, ದೊಡ್ಡ ಗಡ್ಡೆಯನ್ನು ಸೀಳಿ ಮುಳುಗಿಸಬೇಕು. ತೆಗೆದ ಸ್ತನವನ್ನು ಇಡಿಯಾಗಿ ಡಬ್ಬಿಗೆ ಹಾಕಿದರೆ ಹೊರಗೆ ಗಟ್ಟಿಯಾಗಿ ಕಂಡರೂ ಒಳಗಿನ ಗಡ್ಡೆ ಕೊಳೆಯುತ್ತಿರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಈ ಸ್ತನ ಕ್ಯಾನ್ಸರಿನ ವಿಷಯವೇ. ಗಡ್ಡೆಯಲ್ಲಿ ಈಸ್ಟ್ರೊಜನ್ ಹಾರ್ಮೋನು ಅಂಟಿಕೊಳ್ಳುವ ಗ್ರಾಹಕ ಪ್ರೋಟೀನು ಇದೆಯೇ ಎಂದು ಬಣ್ಣ ಹಾಕಿ ನೋಡುವ ಐಎಚ್‌ಸಿ ಪರೀಕ್ಷೆಯ ಮೇಲೆ, ಆ ಹಾರ್ಮೋನನ್ನು ತಡೆಯುವ ಟ್ಯಾಮಾಕ್ಸಿಫೆನ್‌ನಂತಹ ಮಾತ್ರೆ ಕೊಡಬೇಕೇ ಬೇಡವೇ ಎಂಬುದು ನಿಂತಿದೆ. ಈ ಪರೀಕ್ಷೆ ಸರಿಯಾಗಬೇಕಾದರೆ ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು. 6 ಗಂಟೆಗಿಂತ ಕಡಿಮೆಯಾಗಲಿ, 72 ಗಂಟೆಗಿಂತ ಹೆಚ್ಚಾಗಲಿ ಅದರಲ್ಲಿ ಇರಬಾರದು. ತಡವಾದರೆ, ಇರುವ ಗ್ರಾಹಕವೂ ‘ಇಲ್ಲ’ ಎಂದು ಬರಬಹುದು. ವರ್ಷಗಟ್ಟಲೆ ಆಯುಷ್ಯ ಕೊಡಬಲ್ಲ ಅಗ್ಗದ ಮಾತ್ರೆ ಆ ಹೆಣ್ಣುಮಗಳಿಗೆ ತಪ್ಪಿಹೋಗುತ್ತದೆ. ಕೆಟ್ಟ ಮಾದರಿಯಾದರೆ ಇನ್ನೊಮ್ಮೆ ಕೇಳಬಹುದು. ಇಂತಹ ತಪ್ಪು ವರದಿಯಾದರೆ ಅದು ತಪ್ಪೆಂದೇ ಯಾರಿಗೂ ತಿಳಿಯುವುದಿಲ್ಲ.

ಫಾರ್ಮಲಿನ್ ಎಲ್ಲದಕ್ಕೂ ಸಲ್ಲುತ್ತದೆ ಎಂದೂ ಅಲ್ಲ. ಕುತ್ತಿಗೆಯ ಗಂಟು ಕ್ಷಯದ್ದಿರಬಹುದೆಂಬ ಅನುಮಾನವಿದ್ದಾಗ ಇಡೀ ಗಂಟನ್ನು ಅದರಲ್ಲಿ ಹಾಕಿದರೆ ರೋಗಾಣುಗಳು ಸಾಯುತ್ತವೆ. ಆಮೇಲೆ ಕಲ್ಚರ್ ಮಾಡಿ, ಅಂದರೆ ರೋಗಾಣು ಬೆಳೆಸಿ, ಯಾವ ಔಷಧ ನಾಟುತ್ತದೆ ಎಂದು ನೋಡಲಾಗದು. ಮೊದಲೇ ಒಂದು ಭಾಗವನ್ನು ಶುದ್ಧ ಸಲೈನಿನಲ್ಲಿ ಬೇರೆಯಾಗಿ ಇಟ್ಟು ಅಂದೇ ಕಳುಹಿಸಬೇಕು.

ಜಿಲ್ಲಾ ಆರೋಗ್ಯಾಧಿಕಾರಿಗಳು ತಾಲ್ಲೂಕು ಮಟ್ಟದ ಸರ್ಕಾರಿ, ಖಾಸಗಿ ಶಸ್ತ್ರಚಿಕಿತ್ಸಾ ಕೊಠಡಿಗಳೆಲ್ಲದರಲ್ಲೂ ಅಗಲ ಬಾಯಿಯ, ಫಾರ್ಮಲಿನ್ ತುಂಬಿದ ಡಬ್ಬಿಗಳು ಸದಾ ಸಿದ್ಧವಿರುವಂತೆ ಸೂಚಿಸಬೇಕು. ಗಡ್ಡೆ ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಕೋರಿಕೆ ಚೀಟಿಯಲ್ಲಿ ಬರೆಯುವುದು ಕಡ್ಡಾಯವಾಗಲಿ. ಇದಕ್ಕೆ ದೊಡ್ಡ ಯಂತ್ರವೂ ಬೇಡ, ದೊಡ್ಡ ಅನುದಾನವೂ ಬೇಡ. ಮಾದರಿಯನ್ನು ಆಸ್ಪತ್ರೆಯ ಸಿಬ್ಬಂದಿಯೇ ತಲುಪಿಸುವ ವ್ಯವಸ್ಥೆ ಆಗುವವರೆಗೆ, ಬಾಟಲಿ ಕೈಗೆ ಬಂದ ಮನೆಯವರು ‘ಇದರಲ್ಲಿರುವುದು ಸಲೈನೋ ಫಾರ್ಮಲಿನ್ನೋ’ ಎಂದು ಧೈರ್ಯವಾಗಿ ಕೇಳಲಿ. ದಾರಿಯಲ್ಲಿ ಮುಚ್ಚಳ ಮಾತ್ರ ತೆರೆಯಬೇಡಿ. ಅದರ ಘಾಟು ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಕೋಲಾರ