ಡಿಸಿ ಎಲೆಕ್ಷನ್ ಯಾವಾಗ, ಸರ್?

ಪ್ರೀತಿಯ ಪೋಷಕರೇ,

ನಮಸ್ಕಾರ.

ನಮ್ಮ ಕಾರವಾರದ ಕಡೆ ಮಕ್ಕಳಿಗೆ ಸರ್ಕಾರದಲ್ಲಿ ಎಲ್ಲರಿಗಿಂತ ಜಾಸ್ತಿ ಪರಿಚಯ ಇರುವುದು ಡಿಸಿಯವರದ್ದು, ಅಂದರೆ ಜಿಲ್ಲಾಧಿಕಾರಿಯವರದ್ದು. ಮಳೆಗಾಲ ಬಂದರೆ ಸಾಕು, ಬೆಳಿಗ್ಗೆ ಎದ್ದವರೇ ನಿಮ್ಮ ಮೊಬೈಲ್ ಹಿಡಿದು ರಜೆ ಕೊಟ್ಟರಾ ಅಂತ ನೋಡುತ್ತಾರೆ. ಮೊನ್ನೆ ಏಳನೇ ತರಗತಿಯ ಪೌರನೀತಿ ಪಾಠದಲ್ಲಿ ಒಬ್ಬ ಹುಡುಗ ಎದ್ದು, "ಡಿಸಿ ಎಲೆಕ್ಷನ್ ಯಾವಾಗ, ಸರ್?" ಎಂದು ಕೇಳಿದ. ಯಾರೂ ನಗಲಿಲ್ಲ. ಉಳಿದವರಿಗೂ ಅದೇ ಅನುಮಾನ.

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಮಕ್ಕಳು ಪಟಪಟ ಹೇಳುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ನಾವು ವೋಟು ಹಾಕಿ ಕಳಿಸಿದವರು ಯಾರು, ಸರ್ಕಾರ ನೇಮಿಸಿದವರು ಯಾರು ಎಂದರೆ ತಬ್ಬಿಬ್ಬಾಗುತ್ತಾರೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ದೊಡ್ಡವರಾದ ನಾವೇ ಎಲ್ಲರನ್ನೂ ಒಟ್ಟಿಗೆ ಸೇರಿಸಿ 'ಸರ್ಕಾರದವರು' ಅಂದುಬಿಡುತ್ತೇವೆ, ಅಲ್ವಾ?

ಡಿಸಿಗೆ ಎಲೆಕ್ಷನ್ ಇಲ್ಲ. ಅವರು ಐಎಎಸ್ ಅಧಿಕಾರಿ. ರಾಜ್ಯ ಸರ್ಕಾರ ಅವರನ್ನು ಜಿಲ್ಲೆಗೆ ಕಳಿಸುತ್ತದೆ, ವರ್ಗವನ್ನೂ ಮಾಡುತ್ತದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಮಳೆ ರಜೆಯ ಆದೇಶ ಅವರ ಸಹಿಯಲ್ಲಿ ಬರುವುದು ಅದಕ್ಕೇ. ಶಾಸಕರು ಹಾಗಲ್ಲ, ಅವರನ್ನು ಕಳಿಸುವವರು ನಾವು. ನಮ್ಮ ಶಾಸಕರ ಕ್ಷೇತ್ರಕ್ಕೆ ಕಾರವಾರದ ಜೊತೆ ಅಂಕೋಲಾವೂ ಸೇರಿದೆ. ಜಿಲ್ಲೆಯಲ್ಲಿ ಇಂಥ 6 ಕ್ಷೇತ್ರಗಳಿವೆ, ಇಡೀ ವಿಧಾನಸಭೆಗೆ 224. ಸಂಸದರ ಕ್ಷೇತ್ರ ನಮ್ಮ ಜಿಲ್ಲೆಗಿಂತಲೂ ದೊಡ್ಡದು. ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳೂ ಅದರಲ್ಲೇ ಬರುತ್ತವೆ. ಇದನ್ನು ಹೇಳಿದಾಗ ನಮ್ಮ ಶಿಕ್ಷಕರೊಬ್ಬರೇ ನಕ್ಷೆ ತೆಗೆದು ನೋಡಿದರು.

ನನ್ನನ್ನು ಕೇಳಿದರೆ ದೆಹಲಿ, ಬೆಂಗಳೂರು ಆಮೇಲೆ ಕಲಿತರೂ ನಡೆಯುತ್ತದೆ. ಮೊದಲು ಗ್ರಾಮ ಪಂಚಾಯತ ಗೊತ್ತಾಗಲಿ. ಅಲ್ಲಿ ಇಬ್ಬರನ್ನು ಮಕ್ಕಳು ಯಾವಾಗಲೂ ಅದಲು ಬದಲು ಮಾಡುತ್ತಾರೆ, ಅಧ್ಯಕ್ಷರು ಮತ್ತು ಪಿಡಿಒ (ಪಂಚಾಯತ ಅಭಿವೃದ್ಧಿ ಅಧಿಕಾರಿ). ಊರವರು ಸದಸ್ಯರನ್ನು ಆರಿಸುತ್ತಾರೆ, ಸದಸ್ಯರು ತಮ್ಮೊಳಗೆ ಒಬ್ಬರನ್ನು ಅಧ್ಯಕ್ಷರಾಗಿ ಆರಿಸುತ್ತಾರೆ. ಪಿಡಿಒ ಸರ್ಕಾರಿ ನೌಕರರು. ಈ ಊರಿನವರೇ ಆಗಬೇಕೆಂದಿಲ್ಲ, ನಾಳೆ ಬೇರೆ ಪಂಚಾಯತಕ್ಕೆ ವರ್ಗವಾಗಬಹುದು. ತೀರ್ಮಾನ ಮಾಡುವುದು ಸದಸ್ಯರ ಸಭೆ. ಅದನ್ನು ಜಾರಿಗೆ ತರುವುದು, ಲೆಕ್ಕ, ಕಡತ ಇಡುವುದು ಪಿಡಿಒ ಕೆಲಸ. ನಮ್ಮ ಎಸ್‌ಡಿಎಂಸಿಯೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೀಗೆಯೇ. ಅಧ್ಯಕ್ಷರು ಪೋಷಕರಲ್ಲೇ ಒಬ್ಬರು, ನಾನು ಕಾರ್ಯದರ್ಶಿ ಮಾತ್ರ. ಹೀಗೆ ಹೇಳಿದ ಮೇಲೆ ಮಕ್ಕಳಿಗೆ ಥಟ್ಟನೆ ಅರ್ಥವಾಯಿತು.

ಪಂಚಾಯತದಲ್ಲಿ ಗ್ರಾಮಸಭೆಯೂ ಇದೆ. ಊರಿನ ಮತದಾರರೆಲ್ಲ ಅದರ ಸದಸ್ಯರು, ಅಂದರೆ ನೀವೂ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು ಎಂದು ಕಾಯ್ದೆ ಹೇಳುತ್ತದೆ. ದೋಣಿ, ಗದ್ದೆ, ಅಂಗಡಿ ಬಿಟ್ಟು ಬರುವುದು ಕಷ್ಟ, ಗೊತ್ತು. ಆದರೂ ಒಮ್ಮೆ ಹೋಗಿ, ಮಗುವನ್ನೂ ಕರೆದುಕೊಂಡು ಹೋಗಿ. ನಾನು ಹತ್ತು ಪೀರಿಯಡ್ ಪಾಠ ಮಾಡುವುದಕ್ಕಿಂತ ಅದೇ ವಾಸಿ.

ಇನ್ನೊಂದು ಸುಲಭದ ಕೆಲಸ. ಯಾವುದಾದರೂ ಕಚೇರಿಗೆ ಹೋಗುವಾಗ ಯಾವ ಕಚೇರಿ, ಏಕೆ ಎಂದು ಮಗುವಿಗೆ ಹೇಳಿ. ಮನೆ ತೆರಿಗೆ ಪಂಚಾಯತಕ್ಕೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಕರೆಂಟ್ ಹೋದರೆ ಹೆಸ್ಕಾಂ. ಜಮೀನಿನ ತಕರಾರು ಕೋರ್ಟಿಗೆ ಹೋಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಕಾರವಾರದಲ್ಲಿ ಜಿಲ್ಲಾ ನ್ಯಾಯಾಲಯ, ಅದರ ಮೇಲೆ ಧಾರವಾಡದ ಹೈಕೋರ್ಟ್ ಪೀಠ ಎಂದು ಹೇಳಿದರೆ ನ್ಯಾಯಾಂಗದ ಪಾಠ ಅರ್ಧ ಮುಗಿದಂತೆ. ಮನೆಯಲ್ಲಿ ಕೊಂಕಣಿ ಮಾತಾಡುವವರು ಕೊಂಕಣಿಯಲ್ಲೇ ಹೇಳಿ, ಅಡ್ಡಿಯಿಲ್ಲ.

ಮಕ್ಕಳ ಗ್ರಾಮಸಭೆ ಬಂದಾಗ ಒಂದು ವಿನಂತಿ. ನಿಮ್ಮ ಬೇಡಿಕೆಗಳನ್ನು ಚೀಟಿಯಲ್ಲಿ ಬರೆದು ಮಕ್ಕಳ ಕೈಗೆ ಕೊಡಬೇಡಿ. ನಾಲ್ಕನೇ ತರಗತಿಯ ಮಗು ಚರಂಡಿ ಕಾಮಗಾರಿಯ ಬಿಲ್ಲಿನ ಬಗ್ಗೆ ಮಾತಾಡಿದರೆ ಬರೆದವರು ಯಾರೆಂದು ಸಭೆಗೇ ತಿಳಿಯುತ್ತದೆ! ಶೌಚಾಲಯದ ಬಾಗಿಲು, ಆಟದ ಮೈದಾನ, ಶಾಲೆ ದಾರಿಯ ನಾಯಿ, ಅವರಿಗೆ ತೋಚಿದ್ದನ್ನು ಅವರೇ ಕೇಳಲಿ.

ಬರುವ ಶನಿವಾರ ನಮ್ಮ ಶಾಲಾ ಸಂಸತ್ತಿನ ಚುನಾವಣೆ. ನಾಮಪತ್ರ ಸಲ್ಲಿಕೆ ಬುಧವಾರ, ವಾಪಸ್ ಪಡೆಯಲು ಗುರುವಾರದವರೆಗೆ ಸಮಯ. ಮೊಬೈಲನ್ನೇ ಮತಯಂತ್ರ ಮಾಡಿ ಗುಪ್ತ ಮತದಾನ ನಡೆಸುತ್ತೇವೆ. ಯಾರಿಗೆ ವೋಟು ಹಾಕಿದೆ ಎಂದು ಮನೆಯಲ್ಲೂ ಕೇಳಬೇಡಿ, ಗುಟ್ಟು ಅವರದ್ದು. ಸೋತ ಮಕ್ಕಳನ್ನು ವಿರೋಧ ಪಕ್ಷದಲ್ಲಿ ಕೂರಿಸಿ, ತಿಂಗಳಿಗೊಮ್ಮೆ ಮಂತ್ರಿಗಳಿಗೆ ಪ್ರಶ್ನೆ ಕೇಳುವ ಕೆಲಸ ಕೊಡುತ್ತೇವೆ. ಆಹಾರ ಮಂತ್ರಿ ಬಿಸಿಯೂಟದ ಬಗ್ಗೆ ಉತ್ತರ ಕೊಡಲೇಬೇಕು.

ಅಭ್ಯರ್ಥಿಗಳ ಮನೆಯವರು ಚಾಕಲೇಟ್, ಪೆನ್ನು ಹಂಚುವಂತಿಲ್ಲ. ಹಂಚಿದರೆ ನಾಮಪತ್ರ ರದ್ದು. ಮತದಾನ ಬೆಳಿಗ್ಗೆ 9 ಗಂಟೆಗೆ ಶುರು. ಮಕ್ಕಳು ಶಾಲೆಯ ಗುರುತಿನ ಚೀಟಿ ತರಬೇಕು. ಎಣಿಕೆ ನೋಡಲು ಬರುವ ಪೋಷಕರು 11 ಗಂಟೆಯೊಳಗೆ ಬನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು