ಒಂದು ತಿಂಗಳ ಇಂಟರ್ನ್‌ಶಿಪ್ ಸಾಲದು: ಉಡುಪಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಶಾಮುಕ್ತ ಭಾರತ ಅಭಿಯಾನದ ಜಿಲ್ಲಾ ಸಮಿತಿಗೆ ತಾವೇ ಅಧ್ಯಕ್ಷರು. ಜಾಥಾ, ಪ್ರತಿಜ್ಞಾವಿಧಿಗಳ ಬಗ್ಗೆ ನಮ್ಮ ತಕರಾರಿಲ್ಲ. ಈ ಪತ್ರ ಕುಡಿತ ಬಿಡಿಸುವ ಕೆಲಸದಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ) ಮತ್ತು ಮನಃಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಸಿಗುವ ಕ್ಲಿನಿಕಲ್ ತರಬೇತಿಗೆ ಸಂಬಂಧಿಸಿದ್ದು.

ಒಂದು ತಿಂಗಳ ಬ್ಲಾಕ್ ಪ್ಲೇಸ್‌ಮೆಂಟ್‌ನಲ್ಲಿ, ಅಂದರೆ ಸತತವಾಗಿ ಮಾಡುವ ಇಂಟರ್ನ್‌ಶಿಪ್‌ನಲ್ಲಿ, ಮೊದಲ ವಾರ ಕಡತ ತಿರುವಿಹಾಕುವುದಕ್ಕೆ, ಕೊನೆಯ ವಾರ ವರದಿ ಬರೆಯುವುದಕ್ಕೆ ಹೋಗುತ್ತದೆ. ಕುಡಿತ ಬಿಟ್ಟವರು ಮತ್ತೆ ಶುರುಮಾಡುವ ಅಪಾಯ ಹೆಚ್ಚಿರುವುದು ಮೊದಲ ಮೂರು ತಿಂಗಳಲ್ಲಿ. ಅಷ್ಟರಲ್ಲಿ ವಿದ್ಯಾರ್ಥಿ ಹೋಗಿಯಾಗಿರುತ್ತದೆ. ಹೊಸಬರು ಬಂದು ಅದೇ ಪ್ರಶ್ನೆಗಳನ್ನು ಮೊದಲಿನಿಂದ ಕೇಳುತ್ತಾರೆ. ಮೂರನೇ ಸಲ ಕೇಳಿಸಿಕೊಂಡವರು ಆಸ್ಪತ್ರೆಗೆ ಬರುವುದನ್ನೇ ಬಿಟ್ಟರೆ ಆಶ್ಚರ್ಯವಿಲ್ಲ.

ಆರು ತಿಂಗಳು, ವಾರಕ್ಕೆ ಎರಡು ದಿನ ಒಂದೇ ಕಡೆ ಇರಲಿ. ಒಂದು ದಿನ ಕುಂದಾಪುರ ಅಥವಾ ಕಾರ್ಕಳ ತಾಲ್ಲೂಕು ಆಸ್ಪತ್ರೆಯಲ್ಲಿ, ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯ) ಕ್ಲಿನಿಕ್‌ಗೆ. ಇನ್ನೊಂದು ದಿನ ಮನೆಭೇಟಿಗೆ.

ವಿದ್ಯಾರ್ಥಿಗಳಿಗೆ ಮೇಲ್ವಿಚಾರಣೆ ಯಾಕೆ ಬೇಕು ಎನ್ನುವುದಕ್ಕೆ ಕುಡಿತದ ಪ್ರಮಾಣ ಅಳೆಯುವ 'ಆಡಿಟ್' ಪ್ರಶ್ನಾವಳಿಯೇ ಸಾಕು. ಹತ್ತು ಪ್ರಶ್ನೆ, 40 ಅಂಕ. 8 ಅಥವಾ ಹೆಚ್ಚು ಬಂದರೆ ಗಮನಿಸಬೇಕು. 'ದಿನಕ್ಕೆ ಎಷ್ಟು?' ಎಂದರೆ 'ಒಂದೇ ಕ್ವಾರ್ಟರ್' ಎನ್ನುತ್ತಾರೆ. ವಿದ್ಯಾರ್ಥಿ 'ಒಂದು' ಎಂದು ಬರೆದುಕೊಂಡರೆ ಆ ಪ್ರಶ್ನೆಗೆ ಸೊನ್ನೆ. ಆದರೆ 180 ಮಿ.ಲೀ., ಶೇ 42.8ರ ಮದ್ಯದಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇದೆ. ಹತ್ತು ಗ್ರಾಂಗೆ ಒಂದು ಡ್ರಿಂಕ್ ಎಂಬ ಲೆಕ್ಕದಲ್ಲಿ ಆರು ಡ್ರಿಂಕ್. ಸರಿಯಾಗಿ ಬರೆದರೆ ಅಲ್ಲಿ 2 ಅಂಕ. 'ಒಮ್ಮೆಗೇ ಆರು ಅಥವಾ ಹೆಚ್ಚು' ಎಂಬ ಮುಂದಿನ ಪ್ರಶ್ನೆಗೆ, ದಿನಾ ಕುಡಿಯುವವರಾದರೆ, 4. ಅಂದರೆ ಆರು ಅಂಕ ಒಂದು ಪದದಲ್ಲಿ ಮಾಯ. ಶೇಂದಿಯ ಲೆಕ್ಕ ಬೇರೆಯೇ. ಇನ್ನು ತುಳುವಿನಲ್ಲಿ 'ಬೇಜಾರ್' ಎಂದದ್ದನ್ನು ಹೊರಗಿನಿಂದ ಬಂದ ವಿದ್ಯಾರ್ಥಿ ಬರೀ ಬೇಸರವೆಂದು ಬರೆದುಕೊಂಡರೆ ಖಿನ್ನತೆಯೂ ಕಡತದಿಂದ ತಪ್ಪಿಸಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದದ್ದು ಕಡೆಯ ಸಲ ಕುಡಿದ ಹೊತ್ತು. ಮೈ ಕುಡಿತಕ್ಕೆ ಒಗ್ಗಿದವರು ಒಮ್ಮೆಗೇ ಬಿಟ್ಟರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯೊಳಗೆ ಸನ್ನಿ ಹಿಡಿದು ಇಲ್ಲದ್ದು ಕಾಣಬಹುದು. ಹತ್ತು ದಿನದ ಮೀನುಗಾರಿಕೆಗೆ ಮಲ್ಪೆಯಿಂದ ಹೊರಟ ಬೋಟ್‌ನಲ್ಲಿ ಕುಡಿತ ಸಿಗದೆ ಎರಡು, ಮೂರನೇ ದಿನ ಕಲಾಸಿಯ (ಬೋಟ್ ಕಾರ್ಮಿಕನ) ಕೈ ನಡುಗಿದರೆ ಬೋಟ್ ನಡೆಸುವ ತಾಂಡೇಲರ ಬಳಿ ಮದ್ದಿಲ್ಲ, ದಡ ದೂರ. 'ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ?' ಎಂದು ವಿದ್ಯಾರ್ಥಿ ಕೇಳಲೇಬೇಕು. 'ಹೌದು' ಎಂದರೆ ಬುದ್ಧಿವಾದ ಬೇಡ, ಅವರನ್ನು ಅಂದೇ ವೈದ್ಯರಿಗೆ ತೋರಿಸಬೇಕು. ಮನೆಯವರು ಕುಡಿತ ಬಿಡಿಸುವ ಮಾತ್ರೆಯನ್ನು ಗುಟ್ಟಾಗಿ ಸಾರಿಗೆ ಹಾಕುತ್ತಿದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು. ಅದು ಡೈಸಲ್ಫಿರಾಮ್ ಆಗಿದ್ದರೆ, ಅದರ ಮೇಲೆ ಕುಡಿದವರ ಜೀವಕ್ಕೇ ಅಪಾಯ.

ಇವೆಲ್ಲ ತರಗತಿಯಲ್ಲಿ ಕೂತು ಬರುವ ವಿದ್ಯೆಯಲ್ಲ. ನಾಲ್ಕು ವಿದ್ಯಾರ್ಥಿಗಳಿಗೆ ಒಬ್ಬ ಮೇಲ್ವಿಚಾರಕರು, ವಾರಕ್ಕೆ ತಲಾ ಒಂದು ಗಂಟೆ ಕೇಸ್ ಚರ್ಚೆ ಇರಲಿ. ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಎಂಟಕ್ಕಿಂತ ಹೆಚ್ಚು ಕೇಸ್ ಬೇಡ. ಕೊನೆಯ ನಾಲ್ಕು ವಾರ ಹೊಸ ಕೇಸ್ ಕೊಡದೆ, ಮುಂದಿನ ವಿದ್ಯಾರ್ಥಿಯ ಜೊತೆಗೇ ಮನೆಭೇಟಿ ಮಾಡಿಸಬೇಕು. ಫೋನ್ ಆಸ್ಪತ್ರೆಯದ್ದೇ ಆಗಿರಲಿ, ಸ್ವಂತ ನಂಬರ್ ಕೊಟ್ಟರೆ ಕೋರ್ಸ್ ಮುಗಿದ ಮೇಲೂ ನಡುರಾತ್ರಿ ಕರೆ ಬರುತ್ತದೆ. ಮನೆಭೇಟಿಗೆ ಸರಕಾರಿ ಜೀಪ್ ಅಂಗಳಕ್ಕೆ ಬಂದರೆ ಕೇರಿಗೆಲ್ಲ ಸುದ್ದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಕೊಟ್ಟ ಗೌಪ್ಯತೆಯ ಹಕ್ಕು ಅಲ್ಲಿಗೇ ಮುಗಿಯಿತು.

ಬಸ್ ಖರ್ಚನ್ನೂ ನೋಡಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ಹೆಚ್ಚಿನ ಹಳ್ಳಿ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟ್‌ನವರು ಮನೆಯಲ್ಲಿ ಸಿಗುವುದು ಆಗಲೇ. ಏಪ್ರಿಲ್‌ನಲ್ಲಿ ಸೇರಿದವರು ಅಷ್ಟರೊಳಗೆ ತಯಾರಾಗಿರುತ್ತಾರೆ. ಸೆಮಿಸ್ಟರ್ ವೇಳಾಪಟ್ಟಿಗೆ ಇದು ಹೊಂದುವುದಿಲ್ಲ, ನಿಜ. ಕಾಲೇಜುಗಳನ್ನೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ನಿಮ್ಮ ಕಚೇರಿಯಿಂದ ಆಗುವ ಕೆಲಸ. ಜನವರಿಯಲ್ಲೇ ಆ ಸಭೆ ಕರೆಯಿರಿ.

ಇತಿ,
ಉಡುಪಿ–ಮಂಗಳೂರಿನ ಕ್ಷೇತ್ರಕಾರ್ಯ ಮೇಲ್ವಿಚಾರಕರು