ವಕೀಲಿಕೆ ಬಿಡುವ ಹೊತ್ತಿಗೆ ಒಂದಿಷ್ಟು ಥ್ಯಾಂಕ್ಸ್

ಈ ತಿಂಗಳಿಂದ ನಾನು ಬಯೋಟೆಕ್ ಪೇಟೆಂಟ್ ಕೇಸುಗಳಲ್ಲಿ ವಾದ ಮಾಡುವುದಿಲ್ಲ. ಇನ್ನು ಮಧ್ಯಸ್ಥಿಕೆ ಮಾತ್ರ. ಜಗಳವಾಡುವ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಕೆಲಸ. ಅದಕ್ಕೂ ಮುಂಚೆ ಕೆಲವರಿಗೆ ಎಲ್ಲರೆದುರೇ ಥ್ಯಾಂಕ್ಸ್ ಹೇಳಬೇಕು.

ಮೊದಲು ಲ್ಯಾಬಿನವರಿಗೆ. ನಾನು ಓದಿದ್ದು ಬರೀ ಕಾನೂನು. ವಿಜ್ಞಾನಿ ಆನಂದ ಚಕ್ರವರ್ತಿಯವರ, ಕಚ್ಚಾ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಿಗಬಹುದು ಅಂತ 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿದ್ದು ನನಗೆ ಬಾಯಿಪಾಠ. ಆದರೆ ಆ ಬ್ಯಾಕ್ಟೀರಿಯಾದೊಳಗಿನ ಪ್ಲಾಸ್ಮಿಡ್ ಅಂದರೇನು? ಅದು ಜೀವಕೋಶದೊಳಗೆ ಬೇರೆಯಾಗಿಯೇ ಇರುವ ಪುಟ್ಟ ಡಿಎನ್‌ಎ ಉಂಗುರ ಅಂತ ಬಿಡಿಸಿ ಹೇಳಿದ್ದು ಲ್ಯಾಬಿನ ಗೆಳತಿಯೊಬ್ಬರು. ಪೇಟೆಂಟ್ ಅರ್ಜಿಯಲ್ಲಿ ಸೂಕ್ಷ್ಮಜೀವಿಯನ್ನು ಎಷ್ಟು ವರ್ಣಿಸಿದರೂ, ಓದಿದವರ ಕೈಗೆ ಅದೇ ಜೀವಿ ಸಿಗುವುದಿಲ್ಲ. ಅದಕ್ಕೇ 1977ರ ಬುಡಾಪೆಸ್ಟ್ ಒಪ್ಪಂದ ಬಂತು. ಮಾನ್ಯತೆಯಿರುವ ಒಂದು ಸಂಗ್ರಹದಲ್ಲಿ ಮಾದರಿ ಇಟ್ಟರೆ ಸದಸ್ಯ ದೇಶಗಳೆಲ್ಲ ಅದನ್ನು ಒಪ್ಪಬೇಕು. ಇದನ್ನು ಅವರು ಹೇಳಿಕೊಟ್ಟಿದ್ದು ಫ್ರೀಜರ್ ಬಾಗಿಲು ತೆಗೆದು ತೋರಿಸುತ್ತಾ.

ಆಮೇಲೆ, ನಮ್ಮ ಆಫೀಸಿನಲ್ಲಿ ಗಡುವು ಕಾಯುತ್ತಿದ್ದವರಿಗೆ. ಮೊದಲ ಅರ್ಜಿ ಹಾಕಿದ 12 ತಿಂಗಳೊಳಗೆ ಬೇರೆ ದೇಶಗಳ ಅರ್ಜಿ ಹೋಗದಿದ್ದರೆ ಆದ್ಯತೆಯ ದಿನಾಂಕವೇ, ಅಂದರೆ ಅಲ್ಲೂ ಮೊದಲ ಅರ್ಜಿಯ ದಿನವೇ ಲೆಕ್ಕಕ್ಕೆ ಬರುವ ಅನುಕೂಲವೇ, ಕೈತಪ್ಪಬಹುದು. ಕೋರ್ಟಿನಲ್ಲಿ ಹೆಸರು ಬಂದಿದ್ದು ನಮಗೆ, ನಿದ್ದೆಗೆಟ್ಟಿದ್ದು ಅವರು.

ಎಲ್ಲಕ್ಕಿಂತ ಜಾಸ್ತಿ ಋಣ ಎದುರು ಪಕ್ಷದ ವಕೀಲರೊಬ್ಬರದು. ತಮಾಷೆಯಲ್ಲ. ಆಂಟಿಬಾಡಿ (ರೋಗದ ವಿರುದ್ಧ ದೇಹ ತಯಾರಿಸುವಂಥ ಪ್ರೋಟೀನ್) ಕೇಸೊಂದರಲ್ಲಿ ನಾನು ದೊಡ್ಡ ಹಕ್ಕು ಕೇಳಿ ಕೂತಿದ್ದೆ. ಅವರು ಒಂದೇ ಪ್ರಶ್ನೆ ಕೇಳಿದರು: 'ಇದರಲ್ಲಿ ನಿಮ್ಮವರು ನಿಜವಾಗಿ ಮಾಡಿ ನೋಡಿದ್ದು ಎಷ್ಟು, ಸರ್?' ಮುಂದೆ 2023ರಲ್ಲಿ ಆಮ್ಜೆನ್, ಸನೋಫಿ ಎಂಬ ಔಷಧ ಕಂಪನಿಗಳ ಕೇಸಿನ ತೀರ್ಪು ಬಂದಾಗ ಅವರೇ ನೆನಪಾದರು. ಆಮ್ಜೆನ್ 26 ಆಂಟಿಬಾಡಿಗಳ ರಚನೆ ತಿಳಿಸಿ, ಅದೇ ಕೆಲಸ ಮಾಡುವ ಮಿಕ್ಕೆಲ್ಲದರ ಮೇಲೂ ಹಕ್ಕು ಕೇಳಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಎಷ್ಟು ಕೇಳುತ್ತೀರೋ ಅಷ್ಟನ್ನೂ ಮಾಡುವ ದಾರಿ ತೋರಿಸಬೇಕು, ಅಲ್ವಾ?

ನಮ್ಮ ಆ ಕೇಸು ತೀರ್ಪಿನವರೆಗೆ ಹೋಗಲೇ ಇಲ್ಲ. ಕೂತು ಮಾತಾಡೋಣ ಅಂದವರೂ ಅವರೇ. ಕೊನೆಗೆ ಒಬ್ಬರು ಔಷಧಿ ಇಟ್ಟುಕೊಂಡರು, ಇನ್ನೊಬ್ಬರು ರೋಗಪರೀಕ್ಷೆಯ ಕಿಟ್ ತೆಗೆದುಕೊಂಡರು. ಇಂಥ ಹಂಚಿಕೆ ಯಾವ ಜಡ್ಜ್ ಬರೆದುಕೊಡ್ತಾರೆ? ಕೋರ್ಟು ಪೇಟೆಂಟ್ ಉಂಟು ಅನ್ನಬಹುದು, ಇಲ್ಲ ಅನ್ನಬಹುದು. ಪೇಟೆಂಟಿನ ಆಯಸ್ಸೇ 20 ವರ್ಷ. ಸುಮ್ನೆ ಜಗಳದಲ್ಲೇ ಅರ್ಧ ಕಳೆದರೆ ಯಾರಿಗೆ ಲಾಭ? ನಾನು ಈ ಕಡೆ ವಾಲಿದ್ದು ಅವತ್ತೇ.

ಬಾಕಿ ಫೈಲುಗಳೆಲ್ಲ ಈಗ ಕಿರಿಯರ ಕೈಯಲ್ಲಿವೆ. ಫೋನ್ ಮಾಡಿ ತಲೆ ತಿನ್ನುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಅವರು ನಂಬಿದ ಹಾಗಿಲ್ಲ.